ಆಕಾಶಕ್ಕೆ ಕಿವಿಗೊಟ್ಟವರು

1960ರ ಏಪ್ರಿಲ್ 8ರ ನಸುಕು. ಅಮೆರಿಕದ ವೆಸ್ಟ್ ವರ್ಜಿನಿಯಾ ರಾಜ್ಯದಲ್ಲಿ, ಬೆಟ್ಟಗಳ ಮಡಿಲಲ್ಲಿರುವ ಗ್ರೀನ್ ಬ್ಯಾಂಕ್ ಎಂಬ ಊರು. ಅಲ್ಲಿನ ರೇಡಿಯೋ ವೀಕ್ಷಣಾಲಯದಲ್ಲಿದ್ದ 26 ಮೀಟರ್ ಅಗಲದ ಲೋಹದ ಬಟ್ಟಲನ್ನು ಫ್ರಾಂಕ್ ಡ್ರೇಕ್ ಎಂಬ 29 ವರ್ಷದ ಖಗೋಳಜ್ಞ ಟೌ ಸೆಟಿ ನಕ್ಷತ್ರದ ಕಡೆಗೆ ತಿರುಗಿಸಿದರು. ಅದು ನಮ್ಮಿಂದ ಸುಮಾರು 12 ಜ್ಯೋತಿರ್ವರ್ಷ ದೂರದ, ಸೂರ್ಯನನ್ನು ಹೋಲುವ ನಕ್ಷತ್ರ. ಮಧ್ಯಾಹ್ನ ಅದು ಮುಳುಗುವವರೆಗೂ ಕೇಳಿಸಿದ್ದು ಬರಿಯ ಸರಸರ ಸದ್ದು. ಆಮೇಲೆ ಬಟ್ಟಲು ಎಪ್ಸಿಲಾನ್ ಎರಿಡಾನಿ ಎಂಬ ಇನ್ನೊಂದು ನೆರೆಯ ನಕ್ಷತ್ರದತ್ತ ಹೊರಳಿತು. ಕೆಲವೇ ನಿಮಿಷ ಕಳೆದಿರಬೇಕು, ಸ್ಪೀಕರ್ ಬಡಿದುಕೊಳ್ಳತೊಡಗಿತು. ಕಾಗದದ ಮೇಲೆ ಗೆರೆ ಎಳೆಯುತ್ತಿದ್ದ ಮುಳ್ಳು ಅಂಚಿಗೆ ಹೋಗಿ ತಾಗಿತು. ಸೆಕೆಂಡಿಗೆ ಎಂಟು ಮಿಡಿತ, ಒಂದೂ ಲಯ ತಪ್ಪದ ಮಿಡಿತ.

ಡ್ರೇಕ್ ಬಟ್ಟಲನ್ನು ನಕ್ಷತ್ರದಿಂದ ಪಕ್ಕಕ್ಕೆ ಸರಿಸಿದರು. ಮಿಡಿತ ನಿಂತಿತು. ಮತ್ತೆ ನಕ್ಷತ್ರದ ಕಡೆ ತಂದರು. ಮಿಡಿತ ಮರಳಲಿಲ್ಲ. ಬಟ್ಟಲು ಸರಿದದ್ದರಿಂದ ನಿಂತಿತೋ, ಅದೇ ಹೊತ್ತಿಗೆ ತಾನಾಗಿ ನಿಂತಿತೋ ಹೇಳುವಂತಿರಲಿಲ್ಲ. ಎಲ್ಲ ದಿಕ್ಕಿನಿಂದಲೂ ಕೇಳಬಲ್ಲ ಸಣ್ಣದೊಂದು ಆಂಟೆನಾವನ್ನು ಜೊತೆಗಿಟ್ಟುಕೊಂಡು ಕಾದರು. ಸುಮಾರು ಹತ್ತು ದಿನದ ಮೇಲೆ ಅದೇ ಮಿಡಿತ ಮತ್ತೆ ಬಂತು. ದೊಡ್ಡ ಬಟ್ಟಲಿಗೂ ಕೇಳಿಸಿತು, ಸಣ್ಣ ಆಂಟೆನಾಗೂ ಕೇಳಿಸಿತು. ಹತ್ತು ಜ್ಯೋತಿರ್ವರ್ಷ ದಾಟಿ ಬಂದ ಸದ್ದು ಆ ಸಣ್ಣ ಆಂಟೆನಾಗೆ ಕೇಳುವಷ್ಟು ಜೋರಾಗಿರಲು ಸಾಧ್ಯವಿಲ್ಲ. ಎತ್ತರದಲ್ಲಿ ಹಾರುತ್ತಿದ್ದ ಯಾವುದೋ ವಿಮಾನದ್ದಿರಬೇಕು.

ಭೂಮಿಯಾಚೆಯ ಬುದ್ಧಿವಂತ ಜೀವಿಗಳ ವೈಜ್ಞಾನಿಕ ಹುಡುಕಾಟಕ್ಕೆ ಇಂಗ್ಲಿಷ್ ಮೊದಲಕ್ಷರಗಳಿಂದ 'ಸೆಟಿ' ಎಂಬ ಹೆಸರು ನಿಂತಿದೆ. ಅದು ಮೊದಲ ದಿನವೇ ಒಂದು ಸುಳ್ಳು ಕರೆಗೆ ಓಗೊಟ್ಟಿತು. ಅಲ್ಲಿಂದ ಇವತ್ತಿನವರೆಗೆ ಅದರ ಚರಿತ್ರೆಯ ಬಹುಪಾಲು ಇಂಥ ಕರೆಗಳದ್ದು, ಅವು ಸುಳ್ಳೆಂದು ಪತ್ತೆ ಹಚ್ಚಿದವರದ್ದು. ನನಗೆ ಈ ವಿಜ್ಞಾನದ ಮೇಲೆ ಗೌರವ ಹುಟ್ಟಿದ್ದೇ ಇದರಿಂದ: ಏನಾದರೂ ಕೇಳಿಸಲಿ ಎಂದು ಅಷ್ಟು ಹಂಬಲಿಸಿದವರು ತಮ್ಮ ಹಂಬಲವನ್ನೇ ಎಲ್ಲಕ್ಕಿಂತ ಮೊದಲು ಅನುಮಾನಿಸಿದರು.

ಮಂಗಳನ ಕಾಲುವೆಗಳು

ಹಾಗೆ ಅನುಮಾನಿಸುವುದನ್ನು ಕಲಿಯುವ ಮುನ್ನ ಒಂದು ದೊಡ್ಡ ಎಡವಟ್ಟು ನಡೆದಿತ್ತು. 1877ರಲ್ಲಿ ಮಂಗಳ ಗ್ರಹ ಭೂಮಿಗೆ ಹತ್ತಿರ ಬಂದಾಗ ಇಟಲಿಯ ಮಿಲಾನಿನಲ್ಲಿ ಜೊವಾನ್ನಿ ಸ್ಕಿಯಾಪರೆಲ್ಲಿ ಅದರ ಮೇಲೆ ಉದ್ದುದ್ದ ಗೆರೆಗಳನ್ನು ಕಂಡು 'ಕನಾಲಿ' ಎಂದು ಬರೆದಿಟ್ಟರು. ಕನ್ನಡದಲ್ಲಿ ತಾನಾಗಿ ಹರಿದದ್ದು ಹಳ್ಳ, ಮನುಷ್ಯ ತೋಡಿದ್ದು ಕಾಲುವೆ. ಇಟಾಲಿಯನ್ನಿನ ಆ ಪದ ಎರಡಕ್ಕೂ ಸಲ್ಲುತ್ತದೆ. ಇಂಗ್ಲಿಷಿಗೆ ದಾಟುವಾಗ ಅದು ಕಾಲುವೆಯೇ ಆಯಿತು. ಕಾಲುವೆ ಅಂದ ಮೇಲೆ ತೋಡಿದವರು ಇರಬೇಕಲ್ಲ! ಅಮೆರಿಕದ ಶ್ರೀಮಂತ ಪರ್ಸಿವಲ್ ಲೊವೆಲ್ 1894ರಲ್ಲಿ ಅರಿಜೋನಾದಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಸಿ, ನೂರಾರು ಕಾಲುವೆಗಳ ನಕ್ಷೆ ಬರೆದರು. ಒಣಗುತ್ತಿರುವ ಗ್ರಹದ ಜನ ಧ್ರುವದ ಹಿಮ ಕರಗಿದ ನೀರನ್ನು ಹೊಲಗಳಿಗೆ ಹಾಯಿಸಿಕೊಳ್ಳುತ್ತಿದ್ದಾರೆಂದು ಪುಸ್ತಕಗಳನ್ನೇ ಬರೆದರು. 1965ರ ಜುಲೈಯಲ್ಲಿ ಮ್ಯಾರಿನರ್ 4 ನೌಕೆ ಮಂಗಳದ ಪಕ್ಕದಲ್ಲಿ ಹಾದುಹೋಗಿ ಕಳಿಸಿದ ಇಪ್ಪತ್ತೆರಡು ಚಿತ್ರಗಳಲ್ಲಿ ಕುಳಿಗಳಿದ್ದವು, ಕಾಲುವೆ ಇರಲಿಲ್ಲ. ಮಸುಕಾದ ಚುಕ್ಕೆಗಳನ್ನು ಗೆರೆಯಾಗಿ ಜೋಡಿಸಿಕೊಳ್ಳುವುದು ಮನುಷ್ಯನ ಕಣ್ಣಿನ ಗುಣ.

ನಡುವೆ ಒಂದು ಸಲ ಕಿವಿಯಿಂದಲೂ ಪ್ರಯತ್ನ ನಡೆಯಿತು. 1924ರ ಆಗಸ್ಟಿನಲ್ಲಿ ಮಂಗಳ ಮತ್ತೆ ತೀರ ಹತ್ತಿರ ಬಂದಾಗ, ಖಗೋಳಜ್ಞ ಡೇವಿಡ್ ಟಾಡ್ ಅವರ ಕೋರಿಕೆಯಂತೆ ಅಮೆರಿಕದ ನೌಕಾಪಡೆ ತನ್ನ ರೇಡಿಯೋ ಕೇಂದ್ರಗಳಿಗೆ ಸೂಚನೆ ಕಳಿಸಿತು: ಅನಗತ್ಯ ಪ್ರಸಾರ ಬೇಡ, ವಿಚಿತ್ರವಾದದ್ದು ಕೇಳಿಸಿದರೆ ತಿಳಿಸಿ. ಏನೂ ಕೇಳಿಸಲಿಲ್ಲ. ಅವರು ಕಿವಿಗೊಟ್ಟಿದ್ದ ದೀರ್ಘ ಅಲೆಗಳನ್ನು ಭೂಮಿಯ ವಾತಾವರಣದ ಮೇಲುಪದರವಾದ ಅಯಾನುಗೋಳ ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ. ಮಂಗಳದಲ್ಲಿ ಯಾರಾದರೂ ಕೂಗಿದ್ದರೂ ಆ ಅಲೆಗಳಲ್ಲಿ ಆ ಕೂಗು ಒಳಗೆ ಬರುತ್ತಿರಲಿಲ್ಲ. ಎಲ್ಲಿ ಕೇಳಬೇಕು ಎಂಬುದಕ್ಕಿಂತ ಹೇಗೆ ಕೇಳಬೇಕು ಎಂಬ ಪ್ರಶ್ನೆ ದೊಡ್ಡದು.

ಯಾವ ಅಲೆಯಲ್ಲಿ ಕೇಳುವುದು?

ಇದಕ್ಕೆ ಮೊದಲ ಗಟ್ಟಿ ಉತ್ತರ ಬಂದದ್ದು 1959ರ ಸೆಪ್ಟೆಂಬರಿನಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳಾದ ಜುಸೆಪ್ಪೆ ಕೊಕ್ಕೊನಿ ಮತ್ತು ಫಿಲಿಪ್ ಮಾರಿಸನ್ 'ನೇಚರ್' ಪತ್ರಿಕೆಯಲ್ಲಿ ಎರಡು ಮೂರು ಪುಟದ ಲೇಖನವೊಂದನ್ನು ಪ್ರಕಟಿಸಿದರು. ನಕ್ಷತ್ರದಿಂದ ನಕ್ಷತ್ರಕ್ಕೆ ಸುದ್ದಿ ಕಳಿಸಲು ರೇಡಿಯೋ ಅಲೆಯೇ ಅಗ್ಗ; ಬೆಳಕನ್ನು ನುಂಗಿಬಿಡುವ ಧೂಳಿನ ಮೋಡಗಳನ್ನು ಅದು ಸಲೀಸಾಗಿ ದಾಟುತ್ತದೆ. ಆದರೆ ರೇಡಿಯೋದಲ್ಲಿ ಕೋಟ್ಯಂತರ ಸ್ಟೇಷನ್ನುಗಳಿಗೆ ಜಾಗವಿದೆ. ಗುರುತು ಪರಿಚಯವಿಲ್ಲದ ಇಬ್ಬರು, ಮೊದಲೇ ಮಾತಾಡಿಕೊಳ್ಳದೆ, ಒಂದೇ ಸ್ಟೇಷನ್ನಿಗೆ ಬರುವುದು ಹೇಗೆ? ಅವರ ಉತ್ತರ ಸೊಗಸಾದದ್ದು. ವಿಶ್ವದಲ್ಲಿ ಎಲ್ಲಕ್ಕಿಂತ ಹೇರಳವಾಗಿರುವ ವಸ್ತು ಜಲಜನಕ. ಅದರ ಪರಮಾಣು 1420 ಮೆಗಾಹರ್ಟ್ಸ್ ಆವೃತ್ತಿಯಲ್ಲಿ, ಅಂದರೆ 21 ಸೆಂಟಿಮೀಟರ್ ಉದ್ದದ ಅಲೆಯಲ್ಲಿ, ತಾನಾಗಿ ಸಣ್ಣಗೆ ಗುನುಗುತ್ತಿರುತ್ತದೆ. ರೇಡಿಯೋ ಖಗೋಳ ವಿಜ್ಞಾನ ಬಲ್ಲ ಯಾರಿಗಾದರೂ ಈ ಸಂಖ್ಯೆ ಗೊತ್ತಿರಲೇಬೇಕು, ಅವರು ಯಾವ ಗ್ರಹದವರಾದರೂ ಸರಿ.

ಡ್ರೇಕ್ ಈ ಲೇಖನ ಬರುವ ಮುನ್ನವೇ ಸ್ವತಂತ್ರವಾಗಿ ಅದೇ ಆವೃತ್ತಿಯನ್ನು ಆರಿಸಿಕೊಂಡು ಗ್ರೀನ್ ಬ್ಯಾಂಕಿನಲ್ಲಿ ಉಪಕರಣ ಜೋಡಿಸುತ್ತಿದ್ದರು. ಬೇರೆ ಬೇರೆ ಕಡೆ ಕುಳಿತವರು ಒಂದೇ ಸಂಖ್ಯೆಗೆ ಬಂದು ನಿಂತದ್ದು ಆ ತರ್ಕಕ್ಕೇ ಒಂದು ಸಣ್ಣ ಪುರಾವೆಯಾಯಿತು. ಸುಮಾರು 2,000 ಡಾಲರ್ ಖರ್ಚಿನ ಆ ಪ್ರಯತ್ನಕ್ಕೆ ಮಕ್ಕಳ ಕಥೆಯ ಓಜ್ ದೇಶದ ರಾಜಕುಮಾರಿಯ ಹೆಸರಿನಿಂದ 'ಓಜ್ಮಾ' ಎಂದು ಕರೆದರು. ಮುಂದೆ, 1971ರಲ್ಲಿ, ಎಂಜಿನಿಯರ್ ಬರ್ನಾರ್ಡ್ ಆಲಿವರ್ ಇನ್ನೊಂದು ಮಾತು ಸೇರಿಸಿದರು. ಜಲಜನಕದ 1420 ಮತ್ತು ಹೈಡ್ರಾಕ್ಸಿಲ್ ಅಣುವಿನ ಸುಮಾರು 1660 ಮೆಗಾಹರ್ಟ್ಸ್ ನಡುವಿನ ಪಟ್ಟಿ ಆಕಾಶದಲ್ಲಿ ಬಹಳ ಪ್ರಶಾಂತವಾದದ್ದು. ಆ ಎರಡೂ ಸೇರಿದರೆ ನೀರು. ಕಾಡಿನ ಪ್ರಾಣಿಗಳೆಲ್ಲ ಒಂದೇ ಹೊಂಡಕ್ಕೆ ನೀರು ಕುಡಿಯಲು ಬರುವಂತೆ ನಕ್ಷತ್ರಲೋಕದವರೂ ಇಲ್ಲಿಗೆ ಬಂದಾರು ಎಂದು ಆ ಪಟ್ಟಿಗೆ ನೀರಿನ ಹೊಂಡ ಎಂದೇ ಹೆಸರಿಟ್ಟರು.

ಸರಿ, ಅಲೆ ಸಿಕ್ಕಿತು. ಅದು ಯಾರೋ ಕಳಿಸಿದ್ದೆಂದು ತಿಳಿಯುವುದು ಹೇಗೆ? ಜೋಗದ ಭೋರ್ಗರೆತದಲ್ಲಿ ಎಲ್ಲ ಸ್ವರಗಳೂ ಕಲಸಿಕೊಂಡಿರುತ್ತವೆ. ಅದರ ನಡುವೆ ಶ್ರುತಿಪೆಟ್ಟಿಗೆಯ ಒಂದೇ ಸ್ವರ ತೇಲಿ ಬಂದರೆ ಹತ್ತಿರದಲ್ಲಿ ಯಾರೋ ಇದ್ದಾರೆಂದು ಗೊತ್ತಾಗುತ್ತದೆ. ಪ್ರಕೃತಿಯ ರೇಡಿಯೋ ಸದ್ದು ಜಲಪಾತದಂಥದು, ಅಗಲವಾಗಿ ಹರಡಿಕೊಂಡಿರುತ್ತದೆ. ನಮಗೆ ತಿಳಿದ ಅತಿ ಕಿರಿದಾದ ನೈಸರ್ಗಿಕ ಸದ್ದು ಕೂಡ ನೂರಾರು ಹರ್ಟ್ಸ್ ಅಗಲವಿರುತ್ತದೆ. ಯಂತ್ರದಿಂದ ಹೊರಟ ಅಲೆ ಒಂದು ಹರ್ಟ್ಸಿನಷ್ಟು ತೆಳುವಾಗಿರಬಲ್ಲದು. ಸೆಟಿಯವರು ಹುಡುಕುವುದು ಆ ತೆಳು ಗೆರೆಯನ್ನು.

ಜೊತೆಗೆ ಎರಡು ಒರೆಗಲ್ಲುಗಳಿವೆ. ಭೂಮಿ ತಿರುಗುತ್ತಿರುವುದರಿಂದ ದೂರದ ಗ್ರಹದ ಸ್ವರ ನಮಗೆ ನಿಧಾನವಾಗಿ ಏರುತ್ತಲೋ ಇಳಿಯುತ್ತಲೋ ಇರಬೇಕು, ದಾಟಿಹೋಗುವ ರೈಲಿನ ಸೀಟಿಯಂತೆ. ಏರಿಳಿತವೇ ಇಲ್ಲದ ಸ್ವರವಾದರೆ ಅದನ್ನು ಹೊರಡಿಸುವ ಯಂತ್ರ ನಮ್ಮ ಜೊತೆಯಲ್ಲೇ ತಿರುಗುತ್ತಿದೆ, ಅಂದರೆ ಇಲ್ಲೇ ನೆಲದ ಮೇಲಿದೆ. ಎರಡನೆಯದು ಡ್ರೇಕ್ ಮೊದಲ ದಿನ ಮಾಡಿದ್ದೇ: ಬಟ್ಟಲನ್ನು ಐದು ನಿಮಿಷ ನಕ್ಷತ್ರದ ಕಡೆ, ಐದು ನಿಮಿಷ ಪಕ್ಕಕ್ಕೆ, ಮತ್ತೆ ನಕ್ಷತ್ರದ ಕಡೆ ತಿರುಗಿಸುತ್ತ ಹೋಗುವುದು. ನಕ್ಷತ್ರದ ಕಡೆ ನೋಡಿದಾಗಲೆಲ್ಲ ಕೇಳಿಸಿ, ಪಕ್ಕಕ್ಕೆ ಸರಿದಾಗಲೆಲ್ಲ ಮಾಯವಾಗುವ ಸ್ವರವಷ್ಟೇ ಮುಂದಿನ ಪರೀಕ್ಷೆಗೆ ಅರ್ಹ.

ಡ್ರೇಕ್ ಸಮೀಕರಣ

ಓಜ್ಮಾ ಮುಗಿದ ಮರುವರ್ಷ, 1961ರ ನವೆಂಬರಿನಲ್ಲಿ, ಗ್ರೀನ್ ಬ್ಯಾಂಕಿನಲ್ಲಿ ಹತ್ತು ಹನ್ನೊಂದು ಜನರ ಸಣ್ಣ ಸಭೆಯೊಂದು ಸೇರಿತು. ಮಾರಿಸನ್ ಇದ್ದರು, ಇಪ್ಪತ್ತಾರರ ಖಗೋಳಜ್ಞ ಕಾರ್ಲ್ ಸೇಗನ್ ಇದ್ದರು, ಡಾಲ್ಫಿನ್‌ಗಳ ಜೊತೆ ಮಾತಾಡಲು ಯತ್ನಿಸುತ್ತಿದ್ದ ಜಾನ್ ಲಿಲ್ಲಿ ಇದ್ದರು. ಸಭೆ ನಡೆಯುತ್ತಿರುವಾಗಲೇ ಅಲ್ಲಿದ್ದ ರಸಾಯನವಿಜ್ಞಾನಿ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ ನೊಬೆಲ್ ಬಂದ ಸುದ್ದಿ ತಲುಪಿತು. ಯಾವ ವಿಷಯ ಯಾವಾಗ ಚರ್ಚಿಸುವುದೆಂಬ ಪಟ್ಟಿಯನ್ನು ಡ್ರೇಕ್ ಒಂದು ಗುಣಾಕಾರದ ರೂಪದಲ್ಲಿ ಬರೆದಿಟ್ಟಿದ್ದರು. ಆಕಾಶಗಂಗೆಯಲ್ಲಿ ವರ್ಷಕ್ಕೆ ಎಷ್ಟು ನಕ್ಷತ್ರ ಹುಟ್ಟುತ್ತವೆ. ಅವುಗಳಲ್ಲಿ ಎಷ್ಟು ಪಾಲಿಗೆ ಗ್ರಹಗಳಿವೆ. ಅಂಥ ಒಂದೊಂದು ಸಂಸಾರದಲ್ಲಿ ಜೀವಕ್ಕೆ ಒದಗುವ ಗ್ರಹ ಎಷ್ಟು. ಅವುಗಳಲ್ಲಿ ಎಷ್ಟರಲ್ಲಿ ಜೀವ ಚಿಗುರುತ್ತದೆ. ಚಿಗುರಿದ್ದರಲ್ಲಿ ಎಷ್ಟು ಬುದ್ಧಿಯವರೆಗೆ ಬೆಳೆಯುತ್ತದೆ. ಅವರಲ್ಲಿ ಎಷ್ಟು ಮಂದಿ ಆಕಾಶಕ್ಕೆ ಸುಳಿವು ಬಿಡುವ ತಂತ್ರ ಕಲಿಯುತ್ತಾರೆ. ಕಲಿತವರು ಎಷ್ಟು ವರ್ಷ ಬಾಳುತ್ತಾರೆ. ಏಳನ್ನೂ ಗುಣಿಸಿದರೆ ಈ ಹೊತ್ತು ಆಕಾಶಗಂಗೆಯಲ್ಲಿ ಮಾತಾಡಬಲ್ಲ ನಾಗರಿಕತೆಗಳ ಸಂಖ್ಯೆ.

ಇದನ್ನು ಉತ್ತರ ಕೊಡುವ ಸೂತ್ರವೆಂದು ತಿಳಿದವರು ನಿರಾಶರಾಗುತ್ತಾರೆ. ಇದು ಅಜ್ಞಾನವನ್ನು ಏಳು ಕಂಪಾರ್ಟ್‌ಮೆಂಟುಗಳಾಗಿ ವಿಂಗಡಿಸಿದ ಪಟ್ಟಿ, ಹಾಗೆ ವಿಂಗಡಿಸಿದ್ದೇ ಅದರ ಹಿರಿಮೆ. 1961ರಲ್ಲಿ ಮೊದಲನೆಯದೊಂದು ಮಾತ್ರ ಸುಮಾರಾಗಿ ಗೊತ್ತಿತ್ತು. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೊ 51 ಪೆಗಸಿ ಎಂಬ ಸೂರ್ಯನಂಥ ನಕ್ಷತ್ರದ ಸುತ್ತ ಗ್ರಹವೊಂದನ್ನು ಕಂಡರು, 2019ರಲ್ಲಿ ಅದಕ್ಕೆ ನೊಬೆಲ್ ಪಡೆದರು. ಕೆಪ್ಲರ್ ದೂರದರ್ಶಕ 2009ರಿಂದ 2018ರವರೆಗೆ ಆಕಾಶವನ್ನು ನೋಡಿ ಎರಡೂವರೆ ಸಾವಿರಕ್ಕೂ ಹೆಚ್ಚು ಗ್ರಹಗಳನ್ನು ಪತ್ತೆ ಮಾಡಿತು. ಈಗ ಖಚಿತವಾದ ಗ್ರಹಗಳ ಲೆಕ್ಕ 6,000 ದಾಟಿದೆ. ಗ್ರಹವಿಲ್ಲದ ನಕ್ಷತ್ರವೇ ಅಪರೂಪ ಎನ್ನುವಷ್ಟು ಎರಡನೆಯ ಪ್ರಶ್ನೆ ತೀರ್ಮಾನವಾಗಿದೆ. ಮೂರನೆಯದು ಅರ್ಧ ತೆರೆದಿದೆ. ನಾಲ್ಕರಿಂದಾಚೆಗೆ ನಮ್ಮ ಬಳಿ ಇರುವ ಉದಾಹರಣೆ ಒಂದೇ, ಭೂಮಿ. ಇಲ್ಲಿ ಏಕಕೋಶ ಜೀವ ಕಾಣಿಸಿಕೊಂಡು ಸುಮಾರು 350 ಕೋಟಿ ವರ್ಷವಾಯಿತು, ರೇಡಿಯೋ ಬಂದು ಇನ್ನೂ ಒಂದೂವರೆ ಶತಮಾನವೂ ಆಗಿಲ್ಲ. ಕೊನೆಯ ಪ್ರಶ್ನೆ, ಎಷ್ಟು ವರ್ಷ ಬಾಳುತ್ತಾರೆ ಎಂಬುದು, ಅಣುಬಾಂಬಿನ ಭಯದ ನಡುವೆ ಕುಳಿತಿದ್ದ ಆ ಸಭೆಗೆ ಬರಿಯ ಖಗೋಳದ ಪ್ರಶ್ನೆಯಾಗಿ ಕಂಡಿರಲಾರದು.

ಕೇಳಿಸಿದ್ದೂ ಕೈತಪ್ಪಿದ್ದೂ

1967ರಲ್ಲಿ ಕೇಂಬ್ರಿಡ್ಜ್ ಹೊರವಲಯದ ನಾಲ್ಕೂವರೆ ಎಕರೆ ಬಯಲಲ್ಲಿ ಸಾವಿರಕ್ಕೂ ಹೆಚ್ಚು ಕಂಬ ನೆಟ್ಟು ತಂತಿ ಬಿಗಿದ ರೇಡಿಯೋ ದೂರದರ್ಶಕವೊಂದು ಸಿದ್ಧವಾಯಿತು. ಕಂಬ ಹೂಳಿದವರಲ್ಲಿ ಪಿಎಚ್‌.ಡಿ. ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಒಬ್ಬರು. ದಿನಕ್ಕೆ ಮೂವತ್ತು ಮೀಟರಿನಷ್ಟು ಚಾರ್ಟ್ ಕಾಗದ ಹೊರಬರುತ್ತಿತ್ತು, ಅದನ್ನು ಕಣ್ಣಿಂದಲೇ ಓದಬೇಕಿತ್ತು. ಅದರಲ್ಲಿ ಅರ್ಧ ಇಂಚಿನಷ್ಟು ಜಾಗದಲ್ಲಿದ್ದ ಒಂದು ಗೀಚು ಅವರಿಗೆ ಹಿಡಿಸಲಿಲ್ಲ. ವೇಗವಾಗಿ ಕಾಗದ ಓಡಿಸಿ ನೋಡಿದರೆ 1.33 ಸೆಕೆಂಡಿಗೊಂದು ಮಿಡಿತ, ಗಡಿಯಾರವನ್ನು ನಾಚಿಸುವ ನಿಯಮದಲ್ಲಿ. ತಮ್ಮೊಳಗೆ ಅದಕ್ಕೆ 'ಪುಟ್ಟ ಹಸಿರು ಮನುಷ್ಯರು' ಎಂದೇ ಗುರುತಿನ ಹೆಸರಿಟ್ಟುಕೊಂಡರು. ಆದರೆ ಘೋಷಿಸಲಿಲ್ಲ. ಮಿಡಿಯುವ ವಸ್ತು ಗ್ರಹದ ಮೇಲಿದ್ದರೆ, ಆ ಗ್ರಹ ತನ್ನ ಸೂರ್ಯನನ್ನು ಸುತ್ತುವಾಗ ಮಿಡಿತದ ಅಂತರ ಹಿಗ್ಗಿ ಕುಗ್ಗಬೇಕು. ಅಳೆದರು, ಭೂಮಿಯ ಸುತ್ತಾಟ ಬಿಟ್ಟರೆ ಬೇರೆ ಏರುಪೇರು ಸಿಗಲಿಲ್ಲ. ಡಿಸೆಂಬರಿನಲ್ಲಿ ಬೆಲ್ ಆಕಾಶದ ಇನ್ನೊಂದು ಮೂಲೆಯಲ್ಲಿ ಅಂಥದೇ ಎರಡನೆಯದನ್ನು ಹಿಡಿದರು. ಎರಡು ದಿಕ್ಕಿನ ಇಬ್ಬರು ಒಟ್ಟಿಗೇ ಭೂಮಿಗೆ ಕೂಗುವುದುಂಟೆ? ಅವು ಪಲ್ಸಾರ್‌ಗಳು: ಸತ್ತ ನಕ್ಷತ್ರದ ತಿರುಳು ಗಿರಗಿರನೆ ತಿರುಗುತ್ತ ದೀಪಸ್ತಂಭದಂತೆ ರೇಡಿಯೋ ಕಿರಣ ಬೀಸುತ್ತಿತ್ತು. 1974ರ ನೊಬೆಲ್ ಅವರ ಮಾರ್ಗದರ್ಶಕ ಆಂಟನಿ ಹ್ಯೂಯಿಷ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಹೋಯಿತು. ಗೀಚನ್ನು ಬಿಡದೆ ಹಿಡಿದವರ ಹೆಸರು ಅದರಲ್ಲಿರಲಿಲ್ಲ. ಅದು ಅನ್ಯಾಯವೆಂದೇ ನನ್ನ ಎಣಿಕೆ.

ಪಲ್ಸಾರ್ ಸಿಕ್ಕ ಹತ್ತು ವರ್ಷದ ಮೇಲೆ ಬಂದದ್ದು ಇನ್ನೂ ಬಗೆಹರಿದಿಲ್ಲ. ಒಹಾಯೊ ರಾಜ್ಯ ವಿಶ್ವವಿದ್ಯಾಲಯದ 'ಬಿಗ್ ಇಯರ್', ಅಂದರೆ ದೊಡ್ಡ ಕಿವಿ, ಎಂಬ ರೇಡಿಯೋ ದೂರದರ್ಶಕ 1977ರ ಆಗಸ್ಟ್ 15ರ ರಾತ್ರಿ ಧನು ರಾಶಿಯ ದಿಕ್ಕಿನಲ್ಲಿ, ಜಲಜನಕದ ಆವೃತ್ತಿಯ ತೀರ ಹತ್ತಿರದಲ್ಲಿ, ಜೋರಾದ ತೆಳು ಸ್ವರವೊಂದನ್ನು ಹಿಡಿಯಿತು. ಕೆಲವು ದಿನದ ಮೇಲೆ ಮುದ್ರಿತ ಹಾಳೆಗಳನ್ನು ನೋಡುತ್ತಿದ್ದ ಜೆರ್ರಿ ಏಮನ್ ಅದರ ಸುತ್ತ ಕೆಂಪು ಗೆರೆ ಹಾಕಿ ಪಕ್ಕದಲ್ಲಿ 'ವಾವ್!' ಎಂದು ಬರೆದರು. ಹಾಳೆಯಲ್ಲಿ ಇದ್ದದ್ದು ಆರು ಗುರುತು, '6ಇಕ್ಯೂಯುಜೆ5'. ಸದ್ದಿನ ಬಲವನ್ನು ಅಂಕಿ, ಅಕ್ಷರಗಳಲ್ಲಿ ಬರೆಯುವ ಕ್ರಮ ಅದು. ನಡುವಿನ 'ಯು' ಎಂದರೆ ಹಿನ್ನೆಲೆಯ ಗದ್ದಲಕ್ಕಿಂತ ಸುಮಾರು ಮೂವತ್ತು ಪಟ್ಟು ಜೋರು. ಆ ದೂರದರ್ಶಕ ಅಲುಗದೆ ನಿಂತಿರುತ್ತಿತ್ತು, ಭೂಮಿ ತಿರುಗಿದಂತೆ ಆಕಾಶ ಅದರ ಮುಂದೆ ಸರಿದುಹೋಗುತ್ತಿತ್ತು. ಒಂದು ನಕ್ಷತ್ರ ಅದರ ನೋಟವನ್ನು ದಾಟಲು ಹಿಡಿಯುವ ಹೊತ್ತು 72 ಸೆಕೆಂಡು. ಸ್ವರವೂ ಸರಿಯಾಗಿ 72 ಸೆಕೆಂಡು ಏರಿ ಇಳಿದಿತ್ತು. ಅಲ್ಲಿಯವರೆಗೆ ಎಲ್ಲವೂ ನಕ್ಷತ್ರದಂತೆಯೇ. ಆದರೆ ಬಿಗ್ ಇಯರಿಗೆ ಅಕ್ಕಪಕ್ಕದಲ್ಲಿ ಅಲೆ ಹಿಡಿಯುವ ಎರಡು ಕೊಂಬುಗಳಿದ್ದವು. ಒಂದರಲ್ಲಿ ಕೇಳಿಸಿದ್ದು ಮೂರು ನಿಮಿಷದ ಆಸುಪಾಸಿನಲ್ಲಿ ಇನ್ನೊಂದರಲ್ಲೂ ಕೇಳಿಸಬೇಕು. ಕೇಳಿಸಲಿಲ್ಲ. ಆಮೇಲೆ ಅದೇ ಜಾಗವನ್ನು ಎಷ್ಟೋ ಸಲ, ಎಷ್ಟೋ ಬಲವಾದ ದೂರದರ್ಶಕಗಳಿಂದ ಕೇಳಿದ್ದಾರೆ. ಅದು ಮತ್ತೆ ಬಂದಿಲ್ಲ. ಮರುಕಳಿಸದ ಸ್ವರವನ್ನು ವಿಜ್ಞಾನ ಪುರಾವೆಯೆಂದು ಒಪ್ಪುವುದಿಲ್ಲ. ಬಿಗ್ ಇಯರನ್ನು 1998ರಲ್ಲಿ ಕೆಡವಿ ಅಲ್ಲಿ ಗಾಲ್ಫ್ ಮೈದಾನ ವಿಸ್ತರಿಸಿದರು.

ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದ ಎರಡು ಪ್ರಸಂಗಗಳು ಇನ್ನೂ ಬೋಧಕ. 1998ರಿಂದ ಅಲ್ಲಿ ಆಗೊಮ್ಮೆ ಈಗೊಮ್ಮೆ ವಿಚಿತ್ರ ಸಿಡಿತಗಳು ದಾಖಲಾಗುತ್ತಿದ್ದವು. ಅದರ ಮೂಲ ತಿಳಿದದ್ದು 2015ರಲ್ಲಿ. ವೀಕ್ಷಣಾಲಯದಲ್ಲಿದ್ದ ಮೈಕ್ರೋವೇವ್ ಓವನ್ನಿನ ಬಾಗಿಲನ್ನು ಅದು ನಿಲ್ಲುವ ಮೊದಲೇ ಯಾರಾದರೂ ತೆರೆದರೆ ಸಿಡಿತ! ಎರಡನೆಯದು 2019ರ ಏಪ್ರಿಲ್, ಮೇ ತಿಂಗಳಲ್ಲಿ ಬಂದದ್ದು. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯ ಕಡೆ ಬಟ್ಟಲು ತಿರುಗಿದಾಗ 982 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ತೆಳುವಾದ, ನಿಧಾನವಾಗಿ ಜಾರುವ ಸ್ವರವೊಂದು ಸಿಕ್ಕಿತು. ನಕ್ಷತ್ರದ ಕಡೆ ನೋಡಿದಾಗ ಇತ್ತು, ಪಕ್ಕಕ್ಕೆ ಸರಿದಾಗ ಇರಲಿಲ್ಲ. ಎರಡೂ ಒರೆಗಲ್ಲುಗಳನ್ನು ದಾಟಿ ಬಂದ ಅದಕ್ಕೆ 'ಬಿಎಲ್‌ಸಿ1' ಎಂದು ಹೆಸರಾಯಿತು, ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಸೋಫಿಯಾ ಶೇಖ್ ಮತ್ತು ಸಂಗಡಿಗರು ತಿಂಗಳುಗಟ್ಟಲೆ ಹಳೆಯ ದಾಖಲೆಗಳನ್ನು ಜಾಲಾಡಿದಾಗ ಅದೇ ರೀತಿ ಜಾರುವ ಹತ್ತಾರು ಸ್ವರಗಳು ಬೇರೆ ಆವೃತ್ತಿಗಳಲ್ಲಿ, ಬೇರೆ ದಿಕ್ಕುಗಳಲ್ಲೂ ಸಿಕ್ಕವು. ಯಾವುದೋ ಎಲೆಕ್ಟ್ರಾನಿಕ್ ಉಪಕರಣದ ಗುನುಗು, ಸರಿಯಾದ ಹೊತ್ತಿಗೆ ಆಕಸ್ಮಿಕವಾಗಿ ನಿಂತು ಶುರುವಾಗಿ ನಕ್ಷತ್ರದ ವೇಷ ತೊಟ್ಟಿತ್ತು. 2021ರಲ್ಲಿ ಅವರೇ ಅದನ್ನು ಪ್ರಕಟಿಸಿದರು. ತಾವು ಹಿಡಿದ ಅತ್ಯುತ್ತಮ ಸ್ವರವನ್ನು ತಾವೇ ತಳ್ಳಿಹಾಕುವ ಕೆಲಸಕ್ಕೆ ಕೀರ್ತಿ ಸಿಗುವುದು ಕಡಿಮೆ. ಆದರೆ ಮುಂದೆಂದಾದರೂ ನಿಜವಾದದ್ದು ಬಂದರೆ ನಾವು ನಂಬುವುದು ಇಂಥವರ ಮಾತನ್ನೇ.

ಯಾರು ದುಡ್ಡು ಕೊಡುತ್ತಾರೆ?

ಸರ್ಕಾರದ ಹಣ ಇಲ್ಲಿ ಎಂದೂ ಹೆಚ್ಚು ಕಾಲ ನಿಲ್ಲಲಿಲ್ಲ. ನಾಸಾ ವರ್ಷಗಟ್ಟಲೆ ಸಿದ್ಧತೆ ನಡೆಸಿ, ಕೊಲಂಬಸ್ ಅಮೆರಿಕ ಮುಟ್ಟಿದ 500ನೇ ವರ್ಷದ ದಿನ, 1992ರ ಅಕ್ಟೋಬರ್ 12ರಂದು, ದೊಡ್ಡ ಹುಡುಕಾಟವೊಂದನ್ನು ಶುರು ಮಾಡಿತು. ವರ್ಷ ಕಳೆಯುವಷ್ಟರಲ್ಲಿ ನೆವಾಡಾದ ಸೆನೆಟರ್ ರಿಚರ್ಡ್ ಬ್ರಯಾನ್ ಅದರ ಅನುದಾನ ನಿಲ್ಲಿಸಿದರು. ಕೆಲಸ ಕ್ಯಾಲಿಫೋರ್ನಿಯಾದ ಸೆಟಿ ಇನ್‌ಸ್ಟಿಟ್ಯೂಟಿನ ಹೆಗಲಿಗೆ ಬಿತ್ತು. ಜಿಲ್ ಟಾರ್ಟರ್ ನೇತೃತ್ವದಲ್ಲಿ ದಾನಿಗಳ ಹಣದಿಂದ 'ಫೀನಿಕ್ಸ್' ಎಂಬ ಹೆಸರಲ್ಲಿ ಅದು 2004ರವರೆಗೆ ಸುಮಾರು 800 ನಕ್ಷತ್ರಗಳನ್ನು ಆಲಿಸಿತು. ಮೈಕ್ರೋಸಾಫ್ಟ್ ಸ್ಥಾಪಕರಲ್ಲೊಬ್ಬರಾದ ಪಾಲ್ ಅಲೆನ್ ಕೊಟ್ಟ ಹಣದಿಂದ ಕ್ಯಾಲಿಫೋರ್ನಿಯಾದ ಹ್ಯಾಟ್ ಕ್ರೀಕಿನಲ್ಲಿ 42 ಸಣ್ಣ ಬಟ್ಟಲುಗಳ ಸಾಲು 2007ರಲ್ಲಿ ಎದ್ದಿತು. 1999ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರು ದಾಖಲೆಗಳನ್ನು ತುಂಡು ತುಂಡಾಗಿ ಜನರ ಮನೆಯ ಕಂಪ್ಯೂಟರುಗಳಿಗೆ ಹಂಚಿದರು. ಅವು ಬಿಡುವಾಗಿದ್ದಾಗ ಲೆಕ್ಕ ಮಾಡಿ ಕಳಿಸುತ್ತಿದ್ದವು. 50 ಲಕ್ಷಕ್ಕೂ ಹೆಚ್ಚು ಜನ ಕೈಜೋಡಿಸಿದ ಆ 'ಸೆಟಿ ಅಟ್ ಹೋಮ್' 2020ರ ಮಾರ್ಚಿನಲ್ಲಿ ಹಂಚಿಕೆ ನಿಲ್ಲಿಸಿತು.

ಈಗಿನ ಹುಡುಕಾಟ

ಎಲ್ಲಕ್ಕಿಂತ ದೊಡ್ಡ ಹೆಜ್ಜೆ 2015ರ ಜುಲೈ 20ರಂದು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಘೋಷಣೆಯಾಯಿತು. ಉದ್ಯಮಿ ಯೂರಿ ಮಿಲ್ನರ್ ಹತ್ತು ವರ್ಷಕ್ಕೆ ಹತ್ತು ಕೋಟಿ ಡಾಲರ್ ಕೊಡಲು ಮುಂದಾದರು, ಸ್ಟೀಫನ್ ಹಾಕಿಂಗ್ ವೇದಿಕೆಯಲ್ಲಿದ್ದರು. 'ಬ್ರೇಕ್‌ಥ್ರೂ ಲಿಸನ್' ಎಂಬ ಈ ಯೋಜನೆ ಗ್ರೀನ್ ಬ್ಯಾಂಕಿನ ನೂರು ಮೀಟರ್ ಅಗಲದ ಹೊಸ ಬಟ್ಟಲು, ಪಾರ್ಕ್ಸ್, ಆಮೇಲೆ ದಕ್ಷಿಣ ಆಫ್ರಿಕಾದ ಮೀರ್‌ಕ್ಯಾಟ್ ಇವುಗಳ ವೇಳೆಯನ್ನು ಪಡೆದು, ಹತ್ತು ಲಕ್ಷ ನಕ್ಷತ್ರಗಳ ಗುರಿ ಇಟ್ಟುಕೊಂಡಿತು. ಓಜ್ಮಾ ಒಂದು ಬಾರಿಗೆ ಒಂದು ಸ್ಟೇಷನ್ ಕೇಳುತ್ತಿತ್ತು. ಈಗಿನ ಉಪಕರಣಗಳು ನೂರಾರು ಕೋಟಿ ಸ್ಟೇಷನ್ನುಗಳನ್ನು ಒಟ್ಟಿಗೆ ಕೇಳುತ್ತವೆ. ಸೋಸುವ ಕೆಲಸಕ್ಕೆ ಯಂತ್ರಕಲಿಕೆ ಬಂದಿದೆ. 2023ರಲ್ಲಿ ಅದು 820 ನಕ್ಷತ್ರಗಳ ಹಳೆಯ ದಾಖಲೆಗಳಿಂದ ಎಂಟು ಕುತೂಹಲದ ಸ್ವರಗಳನ್ನು ಹೆಕ್ಕಿಕೊಟ್ಟಿತು. ಮತ್ತೆ ಕೇಳಿದಾಗ ಅಲ್ಲಿ ಏನೂ ಇರಲಿಲ್ಲ.

ಕಿವಿಯ ಜೊತೆ ಕಣ್ಣೂ ಸೇರಿದೆ. 1960ರಲ್ಲೇ ಭೌತವಿಜ್ಞಾನಿ ಫ್ರೀಮನ್ ಡೈಸನ್ ಹೇಳಿದ್ದರು: ಬಹಳ ಮುಂದುವರಿದವರು ತಮ್ಮ ಸೂರ್ಯನ ಬೆಳಕನ್ನೆಲ್ಲ ಹಿಡಿದು ಬಳಸಿದರೂ ಕೊನೆಗೆ ಅದು ಬಿಸಿಯಾಗಿ ಹೊರಬರಲೇಬೇಕು, ಆ ಶಾಖವನ್ನು ಅವರು ಬಚ್ಚಿಡಲಾರರು. ಒಲೆ ಕಾಣದಿದ್ದರೂ ಬೆಚ್ಚಗಿನ ಗೋಡೆ ಮುಟ್ಟಿ ಒಳಗೆ ಅಡುಗೆಯಾಗುತ್ತಿದೆ ಅನ್ನುವ ಹಾಗೆ. 2024ರಲ್ಲಿ ಸ್ವೀಡನ್ನಿನ ಉಪ್ಸಾಲಾದ ತಂಡವೊಂದು 50 ಲಕ್ಷ ನಕ್ಷತ್ರಗಳನ್ನು ಜರಡಿ ಹಿಡಿದು, ವಿವರಿಸಲಾಗದ ಹೆಚ್ಚುವರಿ ಶಾಖ ತೋರುವ ಏಳನ್ನು ಉಳಿಸಿಕೊಂಡಿತು. ಬೇಗನೆ ಬೇರೆಯವರು ಅವುಗಳಲ್ಲಿ ಮೂರರ ಬೆನ್ನಿಗೇ ದೂರದ ರೇಡಿಯೋ ಮೂಲಗಳನ್ನು ಕಂಡರು. ಶಾಖ ನಕ್ಷತ್ರದ್ದಲ್ಲ, ಹಿಂದಿರುವ ಧೂಳು ಕವಿದ ಗ್ಯಾಲಕ್ಸಿಯದಿರಬೇಕು. ಲೇಸರ್ ಮಿಂಚಿಗಾಗಿ ಕಾಯುವವರಿದ್ದಾರೆ. ದೂರದ ಗ್ರಹಗಳ ಗಾಳಿಯಲ್ಲಿ ಕಾರ್ಖಾನೆಯಿಂದಷ್ಟೇ ಬರಬಲ್ಲ ಅನಿಲಗಳನ್ನು ಹುಡುಕುವ ಆಲೋಚನೆಯೂ ಬೆಳೆಯುತ್ತಿದೆ.

ಹೀಗೆ ಕಿವಿ ಸೂಕ್ಷ್ಮವಾದಷ್ಟೂ ಮನೆಯ ಗದ್ದಲ ಏರುತ್ತಿದೆ. ಗ್ರೀನ್ ಬ್ಯಾಂಕಿನ ಸುತ್ತ 1958ರಿಂದ ಸುಮಾರು 34,000 ಚದರ ಕಿಲೋಮೀಟರ್ ರೇಡಿಯೋ ಮೌನವಲಯವಿದೆ. ಆದರೆ ನೆಲದ ಕಾಯಿದೆ ತಲೆಯ ಮೇಲೆ ಹಾದುಹೋಗುವ ಸಾವಿರಾರು ಇಂಟರ್‌ನೆಟ್ ಉಪಗ್ರಹಗಳನ್ನು ತಡೆಯುವುದಿಲ್ಲ. ಭೂಮಿಯ ಸದ್ದು ತಲುಪದ ಚಂದ್ರನ ಆಚೆ ಮಗ್ಗುಲಿಗೆ ಹೋಗಿ ಕೇಳಬೇಕೆಂದು ಹಲವರು ಗಂಭೀರವಾಗಿಯೇ ಹೇಳುತ್ತಿದ್ದಾರೆ.

ಎಲ್ಲಿದ್ದಾರೆ ಎಲ್ಲರೂ?

1950ರ ಬೇಸಿಗೆಯಲ್ಲಿ ಲಾಸ್ ಅಲಾಮೋಸಿನಲ್ಲಿ ಊಟಕ್ಕೆ ಕುಳಿತಿದ್ದ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಥಟ್ಟನೆ ಈ ಪ್ರಶ್ನೆ ಕೇಳಿದರಂತೆ. ಆಕಾಶಗಂಗೆಗೆ ಸಾವಿರ ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ನಿಧಾನವಾಗಿ ಹೋದರೂ ಕೆಲವು ಕೋಟಿ ವರ್ಷದಲ್ಲಿ ಅದನ್ನೆಲ್ಲ ಹರಡಿಕೊಳ್ಳಬಹುದು. ಹಾಗಿದ್ದರೆ ಯಾರೂ ಯಾಕೆ ಬಂದಿಲ್ಲ? ಬಂದಿಲ್ಲದಿರುವುದೇ ಇಲ್ಲದಿರುವುದಕ್ಕೆ ಸಾಕ್ಷಿಯೆಂದು ಮೈಕೆಲ್ ಹಾರ್ಟ್ 1975ರಲ್ಲಿ ವಾದಿಸಿದರು. ಸರಳ ಜೀವ ಎಲ್ಲೆಡೆ ಇರಬಹುದು, ಸಂಕೀರ್ಣ ಜೀವ ಅತಿ ವಿರಳ ಎನ್ನುವವರಿದ್ದಾರೆ. ಬುದ್ಧಿ ಬಂದವರು ಬೇಗ ತಮ್ಮನ್ನು ತಾವೇ ನಾಶ ಮಾಡಿಕೊಳ್ಳುತ್ತಾರೆ ಎನ್ನುವವರೂ ಇದ್ದಾರೆ.

ಇವೆಲ್ಲ ವಾದಗಳಿಗಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಒಂದು ಅಳತೆ. ಸಮುದ್ರದಿಂದ ಒಂದು ಲೋಟ ನೀರು ತೆಗೆದು, ಅದರಲ್ಲಿ ಮೀನಿಲ್ಲ, ಆದ್ದರಿಂದ ಸಮುದ್ರದಲ್ಲೇ ಮೀನಿಲ್ಲ ಎನ್ನಲಾದೀತೆ ಎಂದು ಜಿಲ್ ಟಾರ್ಟರ್ ಕೇಳುತ್ತಿದ್ದರು. 2018ರಲ್ಲಿ ಜೇಸನ್ ರೈಟ್, ಶುಭಂ ಕನೋಡಿಯಾ ಮತ್ತು ಎಮಿಲಿ ಲೂಬಾರ್ ಆ ಹೋಲಿಕೆಯನ್ನು ಲೆಕ್ಕಕ್ಕೇ ಇಳಿಸಿದರು. ದಿಕ್ಕು, ದೂರ, ಆವೃತ್ತಿ, ಬಲ, ಹೊತ್ತು ಎಲ್ಲ ಸೇರಿಸಿ ಹುಡುಕಬೇಕಾದ ಜಾಗ ಭೂಮಿಯ ಸಮುದ್ರಗಳಷ್ಟಾದರೆ, ಅಲ್ಲಿಯವರೆಗೆ ಹುಡುಕಿದ್ದು ಸುಮಾರು 7,700 ಲೀಟರ್. ಬೆಂಗಳೂರಿನ ಬೀದಿಗೆ ಬರುವ 6,000 ಲೀಟರಿನ ನೀರಿನ ಟ್ಯಾಂಕರಿಗಿಂತ ಸ್ವಲ್ಪ ಹೆಚ್ಚು. ಇಷ್ಟನ್ನು ನೋಡಿ ಸಮುದ್ರ ಖಾಲಿ ಎನ್ನುವುದು ಅವಸರ.

ನಾವು ಕಳಿಸಿದ ಮಾತು

ಕೇಳುವುದೇನೋ ಸರಿ, ನಾವೇ ಕೂಗಬೇಕೆ? 1974ರ ನವೆಂಬರ್ 16ರಂದು ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದಿಂದ ಮೂರು ನಿಮಿಷದ ಸಂದೇಶವೊಂದು ಎಂ13 ಎಂಬ ನಕ್ಷತ್ರಗುಚ್ಛದ ಕಡೆ ಹೊರಟಿತು. ಅದರಲ್ಲಿದ್ದ ಸೊನ್ನೆ, ಒಂದುಗಳು 1,679. ಅದು 23 ಮತ್ತು 73 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಹಾಗೆ ಜೋಡಿಸಿದರೆ ಮನುಷ್ಯನ ಆಕಾರ, ಡಿಎನ್‌ಎ ಸುರುಳಿ, ಸೌರಮಂಡಲ ಚಿತ್ರವಾಗಿ ಮೂಡುತ್ತವೆ. ತಲುಪಲು ಸುಮಾರು 25,000 ವರ್ಷ ಬೇಕು. ಆದರೂ ಮಾರ್ಟಿನ್ ರೈಲ್ ಪ್ರತಿಭಟಿಸಿದರು: ಗುರುತಿಲ್ಲದವರಿಗೆ ನಮ್ಮ ಮನೆಯ ದಾರಿ ಹೇಳುವುದು ಅಪಾಯ. ಹಾಕಿಂಗ್ ಕೂಡ ಮುಂದೆ ಅದನ್ನೇ ಹೇಳಿದರು. ನಿಜವಾದ ಸಂಕೇತ ಸಿಕ್ಕರೆ ಮೊದಲು ಬೇರೆಯವರಿಂದ ಖಚಿತಪಡಿಸಿಕೊಳ್ಳಬೇಕು, ಮುಚ್ಚಿಡಬಾರದು, ಅಂತರರಾಷ್ಟ್ರೀಯ ಸಮಾಲೋಚನೆ ಇಲ್ಲದೆ ಉತ್ತರಿಸಬಾರದು ಎಂಬ ಒಡಂಬಡಿಕೆ 1989ರಲ್ಲಿ ರೂಪುಗೊಂಡಿತು. ಅದಕ್ಕೆ ಕಾನೂನಿನ ಬಲವಿಲ್ಲ, ವಿಜ್ಞಾನಿಗಳ ಮಾತೇ ಅದರ ಬಲ. ಅರೆಸಿಬೊದ 305 ಮೀಟರ್ ಬಟ್ಟಲು 2020ರ ಡಿಸೆಂಬರ್ 1ರಂದು ಕುಸಿದುಬಿತ್ತು.

ಅಲೆಯ ಬದಲು ಹೊತ್ತುಕೊಂಡು ಹೋಗುತ್ತಿರುವ ಮಾತೂ ಇದೆ. ಬಿಗ್ ಇಯರಿಗೆ ಆ ಸ್ವರ ಕೇಳಿಸಿದ ಮೂರು ವಾರಕ್ಕೆ, 1977ರ ಸೆಪ್ಟೆಂಬರ್ 5ರಂದು, ವಾಯೇಜರ್ 1 ನೌಕೆ ಹೊರಟಿತು. ಅದರ ಜೋಡಿ ವಾಯೇಜರ್ 2 ಆಗಲೇ ಆಗಸ್ಟ್ 20ರಂದು ಹೊರಟಾಗಿತ್ತು. ಎರಡರಲ್ಲೂ ಚಿನ್ನದ ಲೇಪದ ತಾಮ್ರದ ತಟ್ಟೆಯಿದೆ. ಕಾರ್ಲ್ ಸೇಗನ್, ಡ್ರೇಕ್ ಮತ್ತು ಗೆಳೆಯರು ಅದರಲ್ಲಿ ಭೂಮಿಯ ಸದ್ದುಗಳನ್ನೂ ಚಿತ್ರಗಳನ್ನೂ ಕೆತ್ತಿಸಿದರು. ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಅದರಲ್ಲಿದೆ. 55 ಭಾಷೆಗಳ ನಮಸ್ಕಾರವಿದೆ, ಅವುಗಳಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಶುಭಾಶಯ ಹೇಳುವ ಒಂದೇ ಒಂದು ಪುಟ್ಟ ವಾಕ್ಯ. ಮೊದಲ ಸಲ ಅದರ ಧ್ವನಿಮುದ್ರಣ ಕೇಳಿದಾಗ ನನಗೆ ಗಂಟಲು ಕಟ್ಟಿತ್ತು. ಆ ದನಿಯನ್ನು ಹೊತ್ತ ವಾಯೇಜರ್ 1 ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಇನ್ನೊಂದು ನಕ್ಷತ್ರದ ಸಮೀಪ ಹಾಯಲು ಅದಕ್ಕೆ ಸುಮಾರು 40,000 ವರ್ಷ ಬೇಕು.

ಅದರ ರೇಡಿಯೋ ಯಂತ್ರದ ಶಕ್ತಿ ಇಪ್ಪತ್ತು ವ್ಯಾಟ್ ಚಿಲ್ಲರೆ, ಮನೆಯ ಟ್ಯೂಬ್‌ಲೈಟಿಗೂ ಕಡಿಮೆ. 2015ರ ಡಿಸೆಂಬರಿನಲ್ಲಿ ಬ್ರೇಕ್‌ಥ್ರೂ ಲಿಸನ್ ತಂಡ ಗ್ರೀನ್ ಬ್ಯಾಂಕಿನಲ್ಲಿ ತನ್ನ ಹೊಸ ಉಪಕರಣ ಸರಿಯಾಗಿ ಕೇಳುತ್ತಿದೆಯೇ ಎಂದು ಪರೀಕ್ಷಿಸಬೇಕಿತ್ತು. ಸೌರಮಂಡಲದ ಅಂಚಿನಾಚೆಯಿಂದ ಬರುವ, ತೆಳುವಾದ, ಜಾರುವ, ಯಂತ್ರದಿಂದಲೇ ಹೊರಟ ಸ್ವರವೊಂದು ಬೇಕಿತ್ತು. ನೂರು ಮೀಟರಿನ ಬಟ್ಟಲನ್ನು ವಾಯೇಜರ್ 1ರ ಕಡೆ ತಿರುಗಿಸಿದರು. ಪರದೆಯ ಮೇಲೆ ಒಂದು ತೆಳು ಗೆರೆ, ಅದರ ಎರಡು ಬದಿಗೆ ಇನ್ನೆರಡು ಗೆರೆ ಮೂಡಿದವು. ಬಟ್ಟಲನ್ನು ಪಕ್ಕಕ್ಕೆ ಸರಿಸಿದರು, ಗೆರೆಗಳು ಮಾಯವಾದವು. ಮತ್ತೆ ಅದೇ ಜಾಗಕ್ಕೆ ತಂದರು, ಗೆರೆಗಳು ಅಲ್ಲೇ ಇದ್ದವು.